ರಿಸೆಪ್ಷನ್ ಕೆಲಸಕ್ಕೆ ಬೆಂಗಳೂರಾ, ಊರ ಹತ್ತಿರವಾ? ಕೌಂಟರಿನ ಆಚೆ ಯಾರಿದ್ದಾರೆ ಅಂತ ನೋಡಿ ಆರಿಸಿ

ಹೋದ ತಿಂಗಳು ನನ್ನ ಅಣ್ಣನ ಮಗಳು ಫೋನ್ ಮಾಡಿದ್ದಳು. ರಾಣೆಬೆನ್ನೂರಿನಲ್ಲಿ ಬಿಕಾಂ ಮುಗಿಸಿದ್ದಾಳೆ. ಎರಡು ಕಡೆ ಕೆಲಸ ಸಿಕ್ಕಿದೆ, ಎರಡೂ ರಿಸೆಪ್ಷನ್ನೇ. "ಅತ್ತಿ, ಬೆಂಗಳೂರಾಗ 20 ಸಾವಿರ ಅಂತಾರ, ಹುಬ್ಬಳ್ಳ್ಯಾಗ 14. ಯಾವುದಕ್ಕ ಹೋಗ್ಲಿ?"

"ಅಲ್ಲಿ ಕೌಂಟರಿಗೆ ಬರೋರು ಯಾರವ್ವ? ಫೋನ್ ಮಾಡೋರು ಯಾರು?" ಅಂತ ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಕೇಳಬೇಕು ಅಂತಲೂ ಅನಿಸಿರಲಿಲ್ಲ. ಸಂಬಳ ಕೇಳಿದ್ದಳು, ಟೈಮಿಂಗ್ ಕೇಳಿದ್ದಳು, ಯೂನಿಫಾರ್ಮ್ ಇದೆಯಾ ಅಂತಲೂ ಕೇಳಿದ್ದಳು.

ನಮ್ಮ ಕೆಲಸದಲ್ಲಿ ಎಲ್ಲವನ್ನೂ ತೀರ್ಮಾನ ಮಾಡುವುದು ಕೌಂಟರಿನ ಆಚೆ ನಿಂತವರು. ನಿಮಗೆ ಯಾವ ಭಾಷೆ ಬರಬೇಕು, ರಾತ್ರಿ ಪಾಳಿ ಇರುತ್ತಾ, ದಿನಕ್ಕೆ ಎಷ್ಟು ಬೈಗುಳ ಬೀಳುತ್ತೆ, ಐದು ವರ್ಷದ ಮೇಲೆ ಆ ಕುರ್ಚಿ ಉಳಿದಿರುತ್ತಾ, ಇದೆಲ್ಲಾ ಅವರ ಮೇಲೆ ನಿಂತಿದೆ. ನಾನು 2004ರಲ್ಲಿ ದಾವಣಗೆರೆಯ ಒಂದು ಆಸ್ಪತ್ರೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವಳು. ಆಮೇಲೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಆರು ವರ್ಷ. ಈಗ ಹುಬ್ಬಳ್ಳಿಯ ಆಸ್ಪತ್ರೆಯೊಂದರ ಫ್ರಂಟ್ ಆಫೀಸ್ ನೋಡಿಕೊಳ್ಳುತ್ತೇನೆ. ಕರಾವಳಿ, ಮೈಸೂರು, ಕಲಬುರಗಿ ಕಡೆ ಇದೇ ಕೆಲಸದಲ್ಲಿರುವ ಗೆಳತಿಯರಿದ್ದಾರೆ. ಎಲ್ಲ ಸೇರಿಸಿ ಆ ಹುಡುಗಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಬರೀ ಫೋನ್ ಎತ್ತುವ ಕೆಲಸ ಎಲ್ಲೆಲ್ಲೂ ಕಡಿಮೆಯಾಗಿದೆ

ಇದನ್ನು ಮೊದಲೇ ಹೇಳಿಬಿಡಬೇಕು. ದಾವಣಗೆರೆಯಲ್ಲಿ ನಮ್ಮ ಬೋರ್ಡಿಗೆ ಎಂಟು ಲೈನ್ ಇದ್ದವು, ನೂರಕ್ಕೂ ಜಾಸ್ತಿ ಎಕ್ಸ್‌ಟೆನ್ಷನ್. ಒಂದೊಂದು ಪಾಳಿಗೆ ಇಬ್ಬರು. ಯಾವ ವಾರ್ಡಿನ ನಂಬರ್ ಯಾವುದು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆವು. ಇವತ್ತು ಆ ಕೆಲಸಕ್ಕೆ ಅಂತಲೇ ಒಬ್ಬರನ್ನು ಇಟ್ಟುಕೊಳ್ಳುವ ಜಾಗ ಕಮ್ಮಿ. "ಕನ್ನಡಕ್ಕಾಗಿ ಒಂದನ್ನು ಒತ್ತಿ" ಅನ್ನುವ ಧ್ವನಿ ಬಂದಿದೆ. ಡಾಕ್ಟರ ಮೊಬೈಲಿಗೆ ನೇರ ಫೋನ್ ಹೋಗುತ್ತೆ. ಅಪಾಯಿಂಟ್‌ಮೆಂಟ್ ವಾಟ್ಸಾಪಿನಲ್ಲಿ ಆಗುತ್ತೆ. ರೈಲು ಎಷ್ಟು ಹೊತ್ತಿಗೆ ಅಂತ ಕೇಳಲು ಸ್ಟೇಷನ್ನಿಗೆ ಫೋನ್ ಮಾಡುತ್ತಿದ್ದ ಕಾಲ ಹೋಗಿ ದೇಶಕ್ಕೆಲ್ಲ 139 ಒಂದೇ ನಂಬರ್ ಆಯಿತು.

ಉಳಿದಿರುವುದು ಕೂಡಿಸಿ ಮಾಡುವ ಕೆಲಸ. ಫೋನೂ ಎತ್ತಬೇಕು, ಎದುರಿಗೆ ಬಂದವರನ್ನೂ ಮಾತಾಡಿಸಬೇಕು, ಚೀಟಿ ಮಾಡಬೇಕು, ಬಿಲ್ಲೂ ಹಾಕಬೇಕು. ಇದು ಎಲ್ಲಿ ಗಟ್ಟಿಯಾಗಿ ನಿಂತಿದೆ ಅಂದರೆ, ಕೇಳುವವರಿಗೆ ತಮಗೆ ಏನು ಬೇಕು ಅಂತ ಸರಿಯಾಗಿ ಹೇಳಲು ಬಾರದ ಕಡೆ. ಒಂದು ಉದಾಹರಣೆ ಹೇಳುತ್ತೇನೆ. ಮೊನ್ನೆ ಬೆಳಿಗ್ಗೆ ಹಳ್ಳಿಯಿಂದ ಒಬ್ಬ ಅಜ್ಜಿ ಫೋನ್ ಮಾಡಿದರು.

"ಯವ್ವಾ, ಹ್ವಾದ ಅಮಾಸಿಗೆ ಬಂದಿದ್ವಲ್ಲ, ಆ ಡಾಕ್ಟ್ರು ಅದಾರೇನು?"

"ಯಾವ ಡಾಕ್ಟ್ರು ಅಜ್ಜಿ? ಹೆಸರು ಗೊತ್ತೈತಿ?"

"ಹೆಸರು ಯಾರಿಗ್ಗೊತ್ತವ್ವಾ. ಕಾಲು ಒತ್ತಿ ನೋಡ್ತಾರಲ್ಲ, ಎತ್ತರಕ ಅದಾರ, ಮೆತ್ತಗ ಮಾತಾಡ್ತಾರ."

ಅಮಾವಾಸ್ಯೆ ಯಾವತ್ತು ಬಂತು ಅಂತ ಗೋಡೆಯ ಕ್ಯಾಲೆಂಡರ್ ನೋಡಿದೆ. ಆ ದಿನ ಮೂಳೆ ವಿಭಾಗದಲ್ಲಿ ಇಬ್ಬರೇ ಇದ್ದರು. ಎತ್ತರ ಇರುವವರು ಒಬ್ಬರೇ. "ಗುರುವಾರ ಬರ್ರಿ ಅಜ್ಜಿ, ಹತ್ತು ಗಂಟೆಗೆ. ಹಳೇ ಚೀಟಿ ಮರೀಬ್ಯಾಡ್ರಿ" ಅಂದೆ. ಒಂದು ನಿಮಿಷದ ಮಾತು. ಒಂದನ್ನು ಒತ್ತಿ ಎರಡನ್ನು ಒತ್ತಿ ಅನ್ನುವ ಮಷೀನಿನ ಮುಂದೆ ಆ ಅಜ್ಜಿ ಫೋನ್ ಇಟ್ಟುಬಿಡುತ್ತಿದ್ದರು, ಸುಮ್ನೆ ಬಸ್ಸು ಹತ್ತಿ ಬಂದು ಡಾಕ್ಟರಿಲ್ಲದೆ ವಾಪಸ್ ಹೋಗುತ್ತಿದ್ದರು. ಇಂಥ ಫೋನುಗಳು ಎಲ್ಲಿ ಜಾಸ್ತಿಯೋ ಅಲ್ಲಿ ನಮ್ಮ ಕೆಲಸಕ್ಕೆ ಬೆಲೆ ಜಾಸ್ತಿ. ಊರೂರನ್ನು ಹೋಲಿಸುವಾಗ ನಾನು ಇಟ್ಟುಕೊಂಡಿರುವ ಅಳತೆಗೋಲು ಇದೇ.

ಬೆಂಗಳೂರು

ಕೆಲಸದ ಸಂಖ್ಯೆ ನೋಡಿದರೆ ಬೆಂಗಳೂರಿಗೆ ಸಾಟಿ ಇಲ್ಲ. ಆದರೆ ಅಲ್ಲಿರುವುದು ಒಂದೇ ತರಹದ ರಿಸೆಪ್ಷನ್ ಅಲ್ಲ.

ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಹೊರ ವರ್ತುಲ ರಸ್ತೆ ಕಡೆಯ ಕಂಪನಿಗಳಲ್ಲಿ ನೀವು ಕೂರುವುದು ಆ ಕಂಪನಿಯ ಬೋರ್ಡಿನ ಕೆಳಗೆ, ಸಂಬಳ ಬರುವುದು ಇನ್ನೊಂದು ಏಜೆನ್ಸಿಯಿಂದ. ಇದನ್ನು ಸೇರುವ ಮೊದಲೇ ತಿಳಿದುಕೊಳ್ಳಿ. ಇಂಗ್ಲಿಷ್ ಚೆನ್ನಾಗಿ ಬೇಕು, ಹಿಂದಿ ಇದ್ದರೆ ಇನ್ನೂ ಒಳ್ಳೆಯದು. ಕನ್ನಡ ಬರುತ್ತೆ ಅನ್ನುವುದಕ್ಕೆ ಅಲ್ಲಿ ದೊಡ್ಡ ಬೆಲೆ ಸಿಗುವುದಿಲ್ಲ, ಯಾಕೆಂದರೆ ಬರುವವರು ಸಂದರ್ಶನಕ್ಕೆ ಬಂದವರು, ಬೇರೆ ಊರಿನ ಆಫೀಸಿನವರು. ಅವರಿಗೆ ಏನು ಬೇಕು ಅಂತ ಅವರಿಗೇ ಗೊತ್ತಿರುತ್ತೆ. ಹೆಸರು ಬರೆಸಿಕೊಂಡು ಬ್ಯಾಡ್ಜ್ ಕೊಡುವ ಕೆಲಸವನ್ನು ಬಾಗಿಲಲ್ಲಿಟ್ಟ ಟ್ಯಾಬ್ಲೆಟ್ ಮಾಡುತ್ತಿದೆ. ಹಾಗಾಗಿ ಆ ಕುರ್ಚಿಯಲ್ಲಿ ಬಹಳ ದಿನ ಕೂರಬೇಡಿ. ಎರಡು ವರ್ಷದೊಳಗೆ ಟ್ರಾವೆಲ್ ಬುಕಿಂಗ್, ಅಡ್ಮಿನ್, ಎಚ್‌ಆರ್ ಕೆಲಸಗಳನ್ನು ಕೇಳಿ ಕೇಳಿ ಕಲಿಯಿರಿ. ಮೇಲೆ ಹತ್ತಲು ಮೆಟ್ಟಿಲು ಇರುವುದು ಬೆಂಗಳೂರಿನಲ್ಲೇ. ಇದು ಆ ಊರಿನ ನಿಜವಾದ ಲಾಭ. ನನ್ನ ಜೊತೆ ಕೂತಿದ್ದ ಒಬ್ಬಳು ಇವತ್ತು ಮೂರು ಕಟ್ಟಡಗಳ ಉಸ್ತುವಾರಿ ನೋಡಿಕೊಳ್ಳುತ್ತಾಳೆ. ಹುಬ್ಬಳ್ಳಿಯಲ್ಲಿ ಅಂಥ ಹುದ್ದೆಯೇ ಕಡಿಮೆ.

ಆಸ್ಪತ್ರೆಗಳದ್ದು ಬೇರೆ ಕಥೆ. ನಿಮ್ಹಾನ್ಸ್, ಕಿದ್ವಾಯಿ, ಜಯದೇವ, ವಿಕ್ಟೋರಿಯಾಗಳಿಗೆ ಬೀದರ್‌ನಿಂದ ಚಾಮರಾಜನಗರದವರೆಗೆ ಎಲ್ಲ ಕಡೆಯಿಂದ ಜನ ಬರುತ್ತಾರೆ. ಅವುಗಳ ಸುತ್ತ ಬೆಳೆದ ಲ್ಯಾಬು, ಸ್ಕ್ಯಾನಿಂಗ್ ಸೆಂಟರ್, ಖಾಸಗಿ ಆಸ್ಪತ್ರೆಗಳಲ್ಲಿ ಎಲ್ಲ ಕನ್ನಡವೂ ಅರ್ಥವಾಗುವವರು ಬೇಕು. ಬೊಮ್ಮಸಂದ್ರದ ಕಡೆಯ ದೊಡ್ಡ ಆಸ್ಪತ್ರೆಗಳಿಗೆ ಬಂಗಾಳದಿಂದ ರೋಗಿಗಳು ಬರುವುದರಿಂದ ಬಂಗಾಳಿ ಮಾತಾಡುವವರಿಗೂ ಕೆಲಸ ಇದೆ. ಜಯನಗರ, ರಾಜಾಜಿನಗರ, ಮಲ್ಲೇಶ್ವರದ ಹಲ್ಲಿನ ಕ್ಲಿನಿಕ್ಕು, ಚರ್ಮದ ಕ್ಲಿನಿಕ್ಕುಗಳು ಚಿಕ್ಕವು, ಆದರೆ ಹೊಸಬರಿಗೆ ಒಳ್ಳೆಯ ಶಾಲೆ. ಅಲ್ಲಿ ನೀವೊಬ್ಬರೇ ಎಲ್ಲ ಮಾಡಬೇಕು, ಆರು ತಿಂಗಳಲ್ಲಿ ಕೈ ಪಳಗುತ್ತೆ.

ಈಗ ದುಡ್ಡಿನ ಲೆಕ್ಕ. ಅಣ್ಣನ ಮಗಳಿಗೆ ಕಾಗದದ ಮೇಲೆ ಬರೆದು ತೋರಿಸಿದ್ದನ್ನೇ ಇಡುತ್ತೇನೆ. ನಿಮ್ಮ ಅಂಕಿ ಬೇರೆ ಇರಬಹುದು, ಹಾಕುವ ರೀತಿ ಇದೇ ಇರಲಿ.

ಬೆಂಗಳೂರಿನ 20,000ದಲ್ಲಿ ಪಿಎಫ್ 1,800 ಹೋಯಿತು. ಇಎಸ್‌ಐ, ಅಂದರೆ ನೌಕರರ ಆರೋಗ್ಯ ವಿಮೆಗೆ, ಮುಕ್ಕಾಲು ಪರ್ಸೆಂಟ್, ಅಂದರೆ 150. ಕೈಗೆ ಬರುವುದು 18,050. ಪಿಜಿಗೆ ಊಟ ಸೇರಿ 8,000. ಕೆಲಸದ ದಿನದ ಮಧ್ಯಾಹ್ನದ ಊಟ, ಟೀ ಅಂತ 1,500. ಮೆಟ್ರೋ, ಆಟೋ 1,200. ಫೋನು, ಸೋಪು, ಸಣ್ಣಪುಟ್ಟದ್ದು 1,000. ಉಳಿಯುವುದು 6,350. ಹುಬ್ಬಳ್ಳಿಯಲ್ಲಿ ಇವಳು ನನ್ನ ಮನೆಯಲ್ಲೇ ಇರುತ್ತಾಳೆ. 14,000ದಲ್ಲಿ ಪಿಎಫ್ ಹೆಚ್ಚೆಂದರೆ 1,680, ಇಎಸ್‌ಐ 105. ಕೈಗೆ 12,215. ಮನೆಗೆ 3,000 ಕೊಟ್ಟು, ಸಣ್ಣಪುಟ್ಟ ಖರ್ಚಿಗೆ 1,000 ಇಟ್ಟುಕೊಂಡರೆ ಉಳಿಯುವುದು 8,215. ಬಸ್ಸಿಗೆ ಏನೂ ಇಲ್ಲ.

ಬಸ್ಸಿನ ಮಾತು ಬಂತಲ್ಲ, ಅದನ್ನು ಹಗುರ ಮಾಡಬೇಡಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸು ಫ್ರೀ. ನಮ್ಮ ಕೌಂಟರಿನಲ್ಲೇ ಇಬ್ಬರು ಹುಡುಗಿಯರು ದಿನಾ ಕುಂದಗೋಳ, ಕಲಘಟಗಿ ಕಡೆಯಿಂದ ಬಂದು ಹೋಗುತ್ತಾರೆ. ಮೊದಲು ಸಂಬಳದಲ್ಲಿ ಒಂದು ಪಾಲು ಟಿಕೆಟ್ಟಿಗೇ ಹೋಗುತ್ತಿತ್ತು, ಮನೆಯವರು "ಇಷ್ಟಕ್ಕ ಯಾಕ ಹೋಗೂದು" ಅನ್ನುತ್ತಿದ್ದರು. ಈಗ 30–40 ಕಿಲೋಮೀಟರ್ ದೂರದ ಊರಿನವರೂ ಜಿಲ್ಲಾ ಕೇಂದ್ರದಲ್ಲಿ ಕೆಲಸಕ್ಕೆ ಸೇರುತ್ತಾರೆ. ಎಸಿ ಬಸ್ಸಿಗೆ, ಮೆಟ್ರೋಗೆ ಇದು ನಡೆಯುವುದಿಲ್ಲ. ಬೆಂಗಳೂರಿನಲ್ಲಿ ಬಿಎಂಟಿಸಿಯ ಸಾಮಾನ್ಯ ಬಸ್ಸು ಸಿಗುತ್ತೆ, ಆದರೆ ಟ್ರಾಫಿಕ್ಕಿನಲ್ಲಿ ಎರಡು ಗಂಟೆ ಹೋಗುತ್ತೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹುಬ್ಬಳ್ಳಿ, ಧಾರವಾಡ, ಬೆಳಗಾವಿ

ನಾನು ಇರುವ ಊರು, ಹಾಗಾಗಿ ಪ್ರೀತಿ ಜಾಸ್ತಿ ಇದೆ ಅಂತಲೇ ಓದಿಕೊಳ್ಳಿ. ಆದರೂ ಹೇಳುತ್ತೇನೆ, ಕನ್ನಡದಲ್ಲಿ ಮಾತಾಡಿ ಬದುಕಬೇಕು ಅನ್ನುವ ರಿಸೆಪ್ಷನಿಸ್ಟಿಗೆ ಇದು ಒಳ್ಳೆಯ ಜಾಗ. ಹುಬ್ಬಳ್ಳಿಗೆ ಗದಗ, ಹಾವೇರಿ, ಕೊಪ್ಪಳ, ಬಾಗಲಕೋಟೆ, ಉತ್ತರ ಕನ್ನಡದ ಘಟ್ಟದ ಮೇಲಿನ ತಾಲ್ಲೂಕುಗಳಿಂದ ರೋಗಿಗಳು ಬರುತ್ತಾರೆ. ವಿದ್ಯಾನಗರದ ರಸ್ತೆಯಲ್ಲಿ ನಡೆದು ನೋಡಿ, ಹೆಜ್ಜೆಗೊಂದು ಕ್ಲಿನಿಕ್ಕು. ಅಮಾವಾಸ್ಯೆ ಲೆಕ್ಕದಲ್ಲಿ ಡಾಕ್ಟರನ್ನು ಹುಡುಕುವ ಅಜ್ಜಿಯರು ಇರುವುದು ಇಲ್ಲೇ.

ಆಸ್ಪತ್ರೆ ಬಿಟ್ಟರೆ ಧಾರವಾಡದ ಸಪ್ತಾಪುರದ ಸುತ್ತ ಸ್ಪರ್ಧಾತ್ಮಕ ಪರೀಕ್ಷೆಯ ಕೋಚಿಂಗ್ ಸೆಂಟರುಗಳಿವೆ. ಅಲ್ಲಿ ಫೋನ್ ಮಾಡುವವರು ಹಳ್ಳಿಯ ಹುಡುಗರು ಮತ್ತು ಅವರ ಅಪ್ಪಂದಿರು. ಫೀಸು ಎಷ್ಟು, ಕಂತು ಇದೆಯಾ, ಉಳಿಯಲು ರೂಮು ಸಿಗುತ್ತಾ, ಇದೇ ಪ್ರಶ್ನೆ. ಕೆಲಸ ಮಾಡುತ್ತಾ ತಾವೂ ಓದಿಕೊಂಡು ಎಸ್‌ಡಿಎ, ಎಫ್‌ಡಿಎ ಅನ್ನುವ ಸರ್ಕಾರಿ ಗುಮಾಸ್ತರ ಹುದ್ದೆಯ ಪರೀಕ್ಷೆ ಬರೆದವರನ್ನು ನಾನು ನೋಡಿದ್ದೇನೆ. ಹೈಕೋರ್ಟ್ ಪೀಠ ಧಾರವಾಡಕ್ಕೆ ಬಂದಿದ್ದು 2008ರಲ್ಲಿ. ವಕೀಲರ ಕಚೇರಿಗಳಲ್ಲಿ ಫೋನ್ ನೋಡಿಕೊಂಡು, ಟೈಪ್ ಮಾಡಿ, ಕೇಸಿನ ತಾರೀಕು ಹೇಳುವವರು ಬೇಕಾಗುತ್ತಾರೆ. ಕನ್ನಡ ಟೈಪಿಂಗ್ ಕಲಿತಿದ್ದರೆ ಇಲ್ಲಿ ಕೈ ಮೇಲಾಗುತ್ತೆ.

ಬೆಳಗಾವಿಗೆ ಹೋಗುವವರು ಮರಾಠಿ ಕಲಿತೇ ಹೋಗಿ. ಅಲ್ಲಿನ ದೊಡ್ಡ ಆಸ್ಪತ್ರೆಗಳಿಗೆ ಮಹಾರಾಷ್ಟ್ರದ ಗಡಿ ಊರುಗಳಿಂದ, ಗೋವಾದಿಂದಲೂ ಜನ ಬರುತ್ತಾರೆ. ನೋವಿನಲ್ಲಿ ಬಂದವರನ್ನು ಅವರ ಮಾತಿನಲ್ಲೇ "ಬಸಾ" ಅಂತ ಕೂರಿಸಿದರೆ ಸಾಕು, ಅರ್ಧ ಗಲಾಟೆ ಅಲ್ಲೇ ತಣ್ಣಗಾಗುತ್ತೆ.

ಇಲ್ಲಿನ ಕೊರತೆಯೂ ಇದೆ. ಸಂಬಳ ನಿಧಾನವಾಗಿ ಏರುತ್ತೆ. ಐದು ವರ್ಷ ಕಳೆದರೂ "ರಿಸೆಪ್ಷನ್ ಹುಡುಗಿ" ಅನ್ನುವುದು ಹೋಗುವುದಿಲ್ಲ. ಅದನ್ನು ದಾಟಬೇಕು ಅಂದರೆ ಇನ್ಶೂರೆನ್ಸ್ ಡೆಸ್ಕ್ ಕೆಲಸ ಕಲಿಯಿರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿಗೆ ಯಾವ ಕಾಗದ ಬೇಕು, ಯಶಸ್ವಿನಿ ಆರೋಗ್ಯ ಯೋಜನೆ ಯಾರಿಗೆ ಅನ್ವಯಿಸುತ್ತೆ, ಖಾಸಗಿ ವಿಮೆಯವರಿಗೆ ಒಪ್ಪಿಗೆ ಕೇಳಿ ಹೇಗೆ ಬರೆಯಬೇಕು, ಇಷ್ಟು ಗೊತ್ತಿದ್ದವರನ್ನು ಯಾವ ಆಸ್ಪತ್ರೆಯೂ ಬಿಡುವುದಿಲ್ಲ. ಯೋಜನೆಯಲ್ಲಿರುವ ಆಸ್ಪತ್ರೆಗಳಲ್ಲಿ ಆರೋಗ್ಯಮಿತ್ರ ಅಂತ ಒಬ್ಬರು ಕೂರುತ್ತಾರೆ. ಅವರ ಪಕ್ಕ ಕೂತು ಒಂದು ತಿಂಗಳು ನೋಡಿದರೆ ಬಹಳ ಕಲಿಯಬಹುದು. ನಾನು ಕಲಿತದ್ದೂ ಹಾಗೇ.

ಮಂಗಳೂರು, ಉಡುಪಿ, ಮಣಿಪಾಲ

ಇಲ್ಲಿ ಎರಡು ಬದಲಾವಣೆ ನಡೆದಿವೆ. ಕರಾವಳಿ ಬ್ಯಾಂಕುಗಳ ತವರು. ಮಂಗಳೂರಿನಲ್ಲಿ ಕಾರ್ಪೊರೇಷನ್ ಬ್ಯಾಂಕಿನ, ಮಣಿಪಾಲದಲ್ಲಿ ಸಿಂಡಿಕೇಟ್ ಬ್ಯಾಂಕಿನ ಪ್ರಧಾನ ಕಚೇರಿಗಳಿದ್ದವು. 2020ರ ಏಪ್ರಿಲ್‌ನಲ್ಲಿ ಒಂದು ಯೂನಿಯನ್ ಬ್ಯಾಂಕಿಗೆ, ಇನ್ನೊಂದು ಕೆನರಾ ಬ್ಯಾಂಕಿಗೆ ಸೇರಿಹೋಯಿತು. ಪ್ರಧಾನ ಕಚೇರಿ ಅಂದರೆ ಟೆಲಿಫೋನ್ ಬೋರ್ಡು, ವಿಚಾರಣೆ ಕೌಂಟರು, ಅತಿಥಿಗಳ ಓಡಾಟ ಎಲ್ಲ ಇರುವ ಜಾಗ. ಆ ಬಾಗಿಲು ಈಗ ಚಿಕ್ಕದಾಗಿದೆ. ಕರ್ನಾಟಕ ಬ್ಯಾಂಕಿನ ಪ್ರಧಾನ ಕಚೇರಿ ಮಂಗಳೂರಿನಲ್ಲೇ ಇದೆ.

ಇನ್ನೊಂದು ಕಡೆ ಆಸ್ಪತ್ರೆಗಳು. ಮಣಿಪಾಲದ ಕೆಎಂಸಿ 1953ರಲ್ಲಿ ಶುರುವಾಗಿದ್ದು. ಆಮೇಲೆ ಮಂಗಳೂರು ಒಂದರಲ್ಲೇ ಎಷ್ಟು ಮೆಡಿಕಲ್ ಕಾಲೇಜು ಆದವು ನೋಡಿ. ಎಲ್ಲದಕ್ಕೂ ಆಸ್ಪತ್ರೆ, ಎಲ್ಲ ಆಸ್ಪತ್ರೆಗೂ ಕೌಂಟರು. ಕಾಸರಗೋಡಿನಿಂದ ಮಲಯಾಳಂ ಮಾತಾಡುವವರು ಬರುತ್ತಾರೆ, ಉಳ್ಳಾಲದಿಂದ ಬ್ಯಾರಿ ಮಾತಾಡುವವರು, ಭಟ್ಕಳ, ಶಿವಮೊಗ್ಗ, ಚಿಕ್ಕಮಗಳೂರಿನ ಕಡೆಯಿಂದಲೂ ಜನ. ನನ್ನ ಗೆಳತಿ ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಒಂದೇ ಗಂಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಂ ಐದೂ ಮಾತಾಡುವುದನ್ನು ನಾನು ಪಕ್ಕದಲ್ಲಿ ಕೂತು ಕೇಳಿದ್ದೇನೆ. ಒಬ್ಬರಿಗೆ "ಕುಲ್ಲುಲೆ" ಅಂದು ಕೂರಿಸಿ, ತಿರುಗಿ ಇನ್ನೊಬ್ಬರಿಗೆ ಕನ್ನಡದಲ್ಲಿ ಬಿಲ್ ಹೇಳುತ್ತಾಳೆ. ಅದನ್ನು ಯಾವ ಕೋರ್ಸಿನಲ್ಲೂ ಕಲಿಯಲು ಆಗುವುದಿಲ್ಲ.

ಹೊರಗಿನಿಂದ ಹೋಗುವವರಿಗೆ ಇದೇ ಕಷ್ಟ. ಅಲ್ಲಿಯ ಹುಡುಗಿಯರು ಚೆನ್ನಾಗಿ ಓದಿದವರು, ಇಂಗ್ಲಿಷೂ ಬರುತ್ತೆ, ಊರಿನ ನಾಲ್ಕು ಭಾಷೆಯೂ ಬರುತ್ತೆ. ಪೈಪೋಟಿ ಜಾಸ್ತಿ. ಕರಾವಳಿಯವರೇ ಆಗಿದ್ದರೆ ಬೆಂಗಳೂರಿಗೆ ಹೋಗುವ ಮೊದಲು ಊರಿನಲ್ಲಿ ಖಂಡಿತ ಒಮ್ಮೆ ಹುಡುಕಿ. ಬಯಲುಸೀಮೆಯವರಾದರೆ ಮೊದಲ ಆಯ್ಕೆಯಾಗಿ ನಾನು ಹೇಳುವುದಿಲ್ಲ.

ಗಲ್ಫ್ ವಿಚಾರ ಕರಾವಳಿಯ ಜೊತೆಗೇ ಬರುತ್ತೆ. ಕ್ಲಿನಿಕ್ಕು, ಹೋಟೆಲಿನ ರಿಸೆಪ್ಷನ್ನಿಗೆ ಹೋದವರು ಬಹಳ ಜನ ಇದ್ದಾರೆ, ಚೆನ್ನಾಗಿಯೂ ಇದ್ದಾರೆ. ಒಂದೇ ಎಚ್ಚರಿಕೆ. ಹತ್ತನೇ ಕ್ಲಾಸು ಪಾಸಾದವರ ಪಾಸ್‌ಪೋರ್ಟಿಗೆ ವಲಸೆ ತಪಾಸಣೆ ಬೇಕಿಲ್ಲ. ಅಂದರೆ ಸರ್ಕಾರ ನಿಮ್ಮ ಕೆಲಸದ ಕಾಗದವನ್ನು ತಾನಾಗಿ ನೋಡುವುದಿಲ್ಲ, ನೀವೇ ನೋಡಿಕೊಳ್ಳಬೇಕು. ಏಜೆಂಟರ ಹೆಸರು ಸರ್ಕಾರದ ಇ–ಮೈಗ್ರೇಟ್ ವೆಬ್‌ಸೈಟಿನ ಪಟ್ಟಿಯಲ್ಲಿದೆಯಾ ನೋಡಿ. "ವಿಸಿಟ್ ವೀಸಾದಲ್ಲಿ ಬನ್ನಿ, ಆಮೇಲೆ ಬದಲಾಯಿಸೋಣ" ಅಂದರೆ ಹೋಗಬೇಡಿ.

ಮೈಸೂರು ಮತ್ತು ರೆಸಾರ್ಟುಗಳ ಸಾಲು

ಮೈಸೂರು ಒಂದು ಹಿತವಾದ ನಡುದಾರಿ. ಹೋಟೆಲುಗಳಿವೆ, ಆಸ್ಪತ್ರೆಗಳಿವೆ, ಬಾಡಿಗೆ ಬೆಂಗಳೂರಿನಷ್ಟಿಲ್ಲ. ದಸರಾ, ಡಿಸೆಂಬರ್ ರಜೆ, ಬೇಸಿಗೆ ರಜೆಯಲ್ಲಿ ಹೋಟೆಲಿನ ಡೆಸ್ಕು ಉಸಿರಾಡಲು ಬಿಡುವುದಿಲ್ಲ. ಉಳಿದ ದಿನ ತುಸು ಆರಾಮ. ಮೈಸೂರಿಗೆ ಕೇರಳದ ವಯನಾಡಿನಿಂದ ರೋಗಿಗಳೂ ಪ್ರವಾಸಿಗರೂ ಬರುತ್ತಾರೆ. ಆ ಕಡೆ ಹೋಗುವ ಬಂಡೀಪುರದ ಕಾಡಿನ ರಸ್ತೆಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಓಡುವುದಿಲ್ಲ, ಆಂಬುಲೆನ್ಸಿನಂಥ ತುರ್ತು ವಾಹನ ಮತ್ತು ಕೆಲವೇ ಸರ್ಕಾರಿ ಬಸ್ಸು ಬಿಟ್ಟು. ಮೈಸೂರಿನ ಗೆಳತಿ ಹೇಳುತ್ತಾಳೆ, ಸಂಜೆ ನಾಲ್ಕರ ಮೇಲೆ ಬರುವ ಫೋನುಗಳಲ್ಲಿ ಇದೇ ಆತಂಕ: "ಗೇಟ್ ಮುಚ್ಚೋದರೊಳಗೆ ಡಿಸ್ಚಾರ್ಜ್ ಆಗುತ್ತಾ?" ಈ ವಿಷಯ ಗೊತ್ತಿರುವವಳು ಮಧ್ಯಾಹ್ನವೇ ಬಿಲ್ಲಿಂಗಿನವರಿಗೆ ನೆನಪಿಸಿ ವಯನಾಡಿನವರ ಫೈಲನ್ನು ಮುಂದೆ ಹಾಕಿಸುತ್ತಾಳೆ. ಊರು ಗೊತ್ತಿರಬೇಕು ಅನ್ನುವುದು ಇದಕ್ಕೇ.

ಕೊಡಗು, ಚಿಕ್ಕಮಗಳೂರು, ಹೊಸಪೇಟೆ–ಹಂಪಿ ಕಡೆಯ ರೆಸಾರ್ಟುಗಳ ಲೆಕ್ಕ ಬೇರೆ. ಸಂಬಳ ಸಾಧಾರಣ, ಆದರೆ ಊಟ ಮತ್ತು ಇರಲು ಜಾಗ ಅವರದ್ದೇ ಆಗಿದ್ದರೆ ಕೈಯಲ್ಲಿ ಉಳಿಯುವುದು ಜಾಸ್ತಿ. ಬರುವವರಲ್ಲಿ ಬಹಳಷ್ಟು ಜನ ಬೆಂಗಳೂರು, ಹೈದರಾಬಾದ್, ಚೆನ್ನೈನವರು, ಹಾಗಾಗಿ ಇಂಗ್ಲಿಷ್, ಹಿಂದಿ ಬೇಕು. ಶನಿವಾರ–ಭಾನುವಾರ ರಜೆ ಅನ್ನುವುದನ್ನು ಮರೆತುಬಿಡಿ. ಹಬ್ಬದ ದಿನವೂ ನೀವು ಡೆಸ್ಕಿನಲ್ಲೇ. ಸಿಬ್ಬಂದಿ ಕೋಣೆ ಹೇಗಿದೆ, ಬೀಗ ಸರಿ ಇದೆಯಾ, ಕೋಣೆಗೆ ಎಷ್ಟು ಜನ, ಹತ್ತಿರದ ಬಸ್ ಸ್ಟಾಪ್ ಎಷ್ಟು ದೂರ, ಇದನ್ನು ಕಣ್ಣಾರೆ ನೋಡದೆ ಹೆಣ್ಣುಮಕ್ಕಳು ಒಪ್ಪಬಾರದು. ಫೋಟೋ ಕಳಿಸಿದರೆ ಸಾಲದು.

ಕಲ್ಯಾಣ ಕರ್ನಾಟಕ

ಕಲಬುರಗಿ, ಬೀದರ್, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಯವರಿಗೆ ನಾನು ಬೇರೆ ಮಾತು ಹೇಳುತ್ತೇನೆ. ಖಾಸಗಿ ಕೌಂಟರು ಕಡಿಮೆ, ಸಂಬಳವೂ ಕಡಿಮೆ. ಕಲಬುರಗಿ ನಗರದಲ್ಲಿ ಜಯದೇವ ಹೃದ್ರೋಗ ಸಂಸ್ಥೆ, ಇಎಸ್‌ಐ ಆಸ್ಪತ್ರೆ, ಹೈಕೋರ್ಟ್ ಪೀಠ ಇರುವುದರಿಂದ ಅವುಗಳ ಸುತ್ತ ಒಂದಷ್ಟು ಕೆಲಸ ಇದೆ. ಉರ್ದು ಅಥವಾ ಹಿಂದಿ ಇಲ್ಲದೆ ಕಲಬುರಗಿ, ಬೀದರ್ ಕೌಂಟರು ನಡೆಯುವುದಿಲ್ಲ. ರಾಯಚೂರು, ಬಳ್ಳಾರಿಯಲ್ಲಿ ತೆಲುಗು ಬೇಕು.

ಆದರೆ ನಿಮ್ಮ ಕೈಯಲ್ಲಿ ಬೇರೆಯವರಿಗಿಲ್ಲದ ಒಂದು ಕಾಗದ ಇದೆ. ಸಂವಿಧಾನದ 371ಜೆ ಪ್ರಕಾರ ಈ ಭಾಗದ ಸ್ಥಳೀಯ ವೃಂದದ ಸರ್ಕಾರಿ ಹುದ್ದೆಗಳಲ್ಲಿ ಸಿ ಗುಂಪಿನಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಸ್ಥಳೀಯರಿಗೆ ಮೀಸಲು. ಗುಮಾಸ್ತರ ಹುದ್ದೆ ಬರುವುದು ಸಿ ಗುಂಪಿನಲ್ಲಿ. ಹಾಗಾಗಿ 21–22ರ ವಯಸ್ಸಿನಲ್ಲಿ 20 ಸಾವಿರಕ್ಕೆ ಅಂತ ಬೆಂಗಳೂರಿಗೆ ಓಡಿ, ಓದುವುದನ್ನು ಬಿಡಬೇಡಿ. ಹತ್ತಿರದ ಊರಿನಲ್ಲಿ ಹಗಲು ಪಾಳಿಯ ಕೌಂಟರ್ ಹಿಡಿದು, ಎರಡು–ಮೂರು ವರ್ಷ ಪರೀಕ್ಷೆಗೆ ಓದಿ. ಈ ಭಾಗದವರು ಅನ್ನುವ ಅರ್ಹತಾ ಪ್ರಮಾಣಪತ್ರವನ್ನು ಈಗಲೇ ಮಾಡಿಸಿಟ್ಟುಕೊಳ್ಳಿ. ಅರ್ಜಿ ಕರೆದ ಮೇಲೆ ಓಡಾಡಿದರೆ ತಡವಾಗುತ್ತೆ. ಖಾಸಗಿ ಕೆಲಸಕ್ಕೆ ಈ ಮೀಸಲಾತಿ ಬರುವುದಿಲ್ಲ ಅನ್ನುವುದೂ ತಿಳಿದಿರಲಿ.

ಸಹಾಯವಾಣಿ ಕೆಲಸ

ಪೂರ್ತಿ ಫೋನಿನ ಮೇಲೆಯೇ ನಡೆಯುವ ಕೆಲಸ ಉಳಿದಿರುವುದು ಸಹಾಯವಾಣಿಗಳಲ್ಲಿ. ಆಂಬುಲೆನ್ಸಿಗೆ 108, ಪೊಲೀಸ್ ಮತ್ತು ತುರ್ತಿಗೆ 112, ಕರೆಂಟಿಗೆ 1912, ಸರ್ಕಾರಕ್ಕೆ ದೂರು ಹೇಳಲು 1902. ವಿದ್ಯುತ್ ಕಂಪನಿಗಳು ಐದು ಕಡೆ ಹಂಚಿಹೋಗಿರುವುದರಿಂದ ಬೆಂಗಳೂರು ಬಿಟ್ಟು ಮೈಸೂರು, ಮಂಗಳೂರು, ಹುಬ್ಬಳ್ಳಿ, ಕಲಬುರಗಿಯಲ್ಲೂ ಅವುಗಳ ಕಚೇರಿ ಇದೆ. ಇಲ್ಲಿ ಕನ್ನಡವೇ ಬಂಡವಾಳ. ಮಳೆಗಾಲದ ರಾತ್ರಿ ಗಾಳಿ ಎದ್ದರೆ ಸಾಲು ಸಾಲು ಫೋನು, ಎಲ್ಲರದ್ದೂ ಕೋಪ. ಗಂಟಲು ಒಣಗುತ್ತೆ, ಕಿವಿ ನೋಯುತ್ತೆ. ಆದರೂ ಕತ್ತಲಲ್ಲಿ ಕೂತ ಬಾಣಂತಿ ಮನೆಯವರಿಗೆ "ಲೈನ್‌ಮನ್ ಹೊರಟಿದ್ದಾರೆ" ಅಂತ ಹೇಳುವುದರಲ್ಲಿ ಒಂದು ನೆಮ್ಮದಿ ಇದೆ.

ಇಂಥ ಕಡೆ ಜಾಸ್ತಿ ಇರುವುದು ಗುತ್ತಿಗೆ. ಟೆಂಡರ್ ಬದಲಾದರೆ ಏಜೆನ್ಸಿ ಬದಲಾಗುತ್ತೆ, ನಿಮ್ಮ ಹಳೆಯ ವರ್ಷಗಳು ಕಾಗದದಲ್ಲಿ ಕಾಣದೆ ಹೋಗುತ್ತವೆ. ನೇಮಕದ ಪತ್ರ, ಐಡಿ ಕಾರ್ಡಿನ ಪ್ರತಿ, ಪ್ರತಿ ತಿಂಗಳ ಸಂಬಳದ ಚೀಟಿ ಒಂದು ಫೈಲಿನಲ್ಲಿ ಇಡಿ.

ಬೆಂಗಳೂರಿನಲ್ಲಿ ನನಗೇ ಆದದ್ದು ಹೇಳುತ್ತೇನೆ. ಏಜೆನ್ಸಿಯವರು ಎಂಟು ತಿಂಗಳು ನನ್ನ ಸಂಬಳದಲ್ಲಿ ಪಿಎಫ್ ಹಿಡಿದರು, ಖಾತೆಗೆ ಕಟ್ಟಲಿಲ್ಲ. ಆಗ ನೋಡಿಕೊಳ್ಳಲು ದಾರಿಯೂ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಗೊತ್ತಾಯಿತು. ಇನ್ನೂ ಹೊಟ್ಟೆ ಉರಿಯುತ್ತೆ. ಈಗ ಪಿಎಫ್ ಖಾತೆಗೆ ಯುಎಎನ್ ಅಂತ ಒಬ್ಬರಿಗೆ ಒಂದೇ ನಂಬರ್ ಇದೆ, ಉಮಂಗ್ ಆ್ಯಪ್‌ನಲ್ಲಿ ಪಾಸ್‌ಬುಕ್ ತೆರೆದರೆ ಯಾವ ತಿಂಗಳು ಎಷ್ಟು ಬಿತ್ತು ಅಂತ ಕಾಣುತ್ತೆ. ಎರಡನೇ ತಿಂಗಳಿನಿಂದಲೇ ನೋಡುವ ಅಭ್ಯಾಸ ಇರಲಿ. ಒರಿಜಿನಲ್ ಮಾರ್ಕ್ಸ್ ಕಾರ್ಡು ಯಾರಿಗೂ ಕೊಡಬೇಡಿ. ಸೇರಲು ದುಡ್ಡು ಕೇಳಿದರೆ ಎದ್ದು ಬನ್ನಿ. ಅಂಗಡಿ, ಕಂಪನಿಗಳಲ್ಲಿ ಹೆಣ್ಣುಮಕ್ಕಳನ್ನು ರಾತ್ರಿ ಎಂಟರ ಮೇಲೆ ಕೆಲಸಕ್ಕೆ ಹಾಕಬೇಕಾದರೆ ಅವರು ಬರವಣಿಗೆಯಲ್ಲಿ ಒಪ್ಪಿರಬೇಕು, ಹೋಗಿಬರಲು ವಾಹನ ಕೊಡಬೇಕು. 2020ರ ತಿದ್ದುಪಡಿಯ ನಂತರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೇ ಇದು ಇದೆ. "ಇಲ್ಲಿ ಎಲ್ಲರೂ ಆಟೋದಲ್ಲೇ ಹೋಗ್ತಾರೆ" ಅಂದರೆ ಕಾಯ್ದೆಯ ಹೆಸರು ಹೇಳಿ ಕೇಳಿ.

ಕಣ್ಣು ಕಾಣದವರಿಗೂ ಒಂದು ಮಾತು. ನನಗೆ ಬೋರ್ಡು ಕಲಿಸಿದವರು ದೃಷ್ಟಿ ಇಲ್ಲದ ಒಬ್ಬ ಅಣ್ಣ. ಗುಂಡಿಗಳ ಮೇಲೆ ಅವರ ಬೆರಳು ಓಡುವುದನ್ನು ನೋಡುತ್ತಾ ಕೂರುತ್ತಿದ್ದೆ. "ಹಲೋ ಅನ್ನೋದರಲ್ಲೇ ಅವರಿಗೆ ಅವಸರ ಇದೆಯೋ, ಭಯ ಇದೆಯೋ ಗೊತ್ತಾಗುತ್ತೆ, ಕೇಳಿಸ್ಕೊ" ಅನ್ನುತ್ತಿದ್ದರು. ಟೆಲಿಫೋನ್ ಆಪರೇಟರ್ ಕೆಲಸ ಅವರಂಥ ಎಷ್ಟೋ ಜನರಿಗೆ ದಾರಿಯಾಗಿತ್ತು. ಆ ಹುದ್ದೆಗಳು ಕಡಿಮೆಯಾಗುತ್ತಿರುವುದು ನನಗೆ ಬೇಜಾರಿನ ವಿಷಯ. 2016ರ ಕಾಯ್ದೆಯ ಪ್ರಕಾರ ಸರ್ಕಾರಿ ಹುದ್ದೆಗಳಲ್ಲಿ ಅಂಗವಿಕಲರಿಗೆ ಕನಿಷ್ಠ ಶೇ 4 ಮೀಸಲಿದೆ, ಅದರಲ್ಲಿ ಶೇ 1 ದೃಷ್ಟಿದೋಷ ಇರುವವರಿಗೆ. ಸ್ಕ್ರೀನ್ ರೀಡರ್ ಜೊತೆ ಕಂಪ್ಯೂಟರ್ ಕಲಿಯಲು ಬೆಂಗಳೂರಿನಲ್ಲಿ ಅನುಕೂಲ ಜಾಸ್ತಿ. ಅವರು ಒಂದು ವರ್ಷವಾದರೂ ಅಲ್ಲಿಗೆ ಹೋಗಿ ಕಲಿಯುವುದು ಒಳ್ಳೆಯದು.

ಒಪ್ಪುವ ಮೊದಲು

ಅಣ್ಣನ ಮಗಳಿಗೆ ಕೊನೆಗೆ ಒಂದು ಕೆಲಸ ಹೇಳಿದೆ. ಎರಡೂ ಜಾಗಕ್ಕೆ ನೀನೇ ಫೋನ್ ಮಾಡು. ಬೆಳಿಗ್ಗೆ ಒಂಬತ್ತೂವರೆಗೆ, ಮಧ್ಯಾಹ್ನ ಒಂದೂವರೆಗೆ, ಸಂಜೆ ಏಳಕ್ಕೆ. ಎಷ್ಟು ಸಲ ರಿಂಗ್ ಆಯಿತು, ಎತ್ತಿದವರು ಯಾವ ಭಾಷೆಯಲ್ಲಿ ಶುರು ಮಾಡಿದರು, ಮಧ್ಯಾಹ್ನ ಎತ್ತಿದವಳ ದನಿಯಲ್ಲಿ ಊಟ ಆಗಿತ್ತಾ ಅಂತ ಕೇಳಿಸಿಕೊ. ಆಮೇಲೆ ಹೋಗಿ ಒಂದು ಗಂಟೆ ಲಾಬಿಯಲ್ಲಿ ಕೂತು ಬಾ.

ಅವಳು ಹುಬ್ಬಳ್ಳಿಯ ಆಸ್ಪತ್ರೆಗೆ ಮೊದಲು ಹೋದಳು. ಸಂಜೆ ಬಂದು ಹೇಳಿದಳು: ಕೌಂಟರಿನಲ್ಲಿ ಮೂವರಿದ್ದರು, ಕುರ್ಚಿ ಮೂರೂ ಇದ್ದವು. ಒಬ್ಬಳು ಎದ್ದು ನೀರು ಕುಡಿಯಲು ಹೋದಾಗ ಇನ್ನೊಬ್ಬಳು ಅವಳ ಫೋನ್ ಎತ್ತಿದಳು. ಒಬ್ಬ ಅಜ್ಜ ಚೀಟಿ ಉಲ್ಟಾ ಹಿಡಿದು ನಿಂತಿದ್ದರು, ಮೂರನೆಯವಳು ಅದನ್ನು ತಿರುಗಿಸಿ ಓದಿ, ಜೊತೆಗೆ ನಾಲ್ಕು ಹೆಜ್ಜೆ ನಡೆದು ಲಿಫ್ಟ್ ತೋರಿಸಿದಳು. "ಬೆಂಗಳೂರಿಂದು ಇನ್ನೂ ನೋಡಿಲ್ಲ ಅತ್ತಿ, ಭಾನುವಾರ ರಾತ್ರಿ ಬಸ್ಸಿಗೆ ಹೋಗ್ತೀನಿ" ಅಂದಳು. ಬುತ್ತಿಗೆ ಎರಡು ರೊಟ್ಟಿ ಜಾಸ್ತಿ ಕಟ್ಟಿಕೊಡಬೇಕು.